ಬರೆದವನು ಉತ್ತರಿಸಬೇಕು

ಉಡುಪಿಯಲ್ಲಿ ನೆಲೆಸಿ ತಂತ್ರಾಂಶ ರಚನೆಯನ್ನೇ ವೃತ್ತಿಯಾಗಿ ಉಳ್ಳವನಾದುದರಿಂದ, ಮಣಿಪಾಲ, ಕಾರ್ಕಳ ತಾಲೂಕಿನ ನಿಟ್ಟೆ, ಕಾಪು ತಾಲೂಕಿನ ಬಂಟಕಲ್ಲುಗಳ ತಾಂತ್ರಿಕ ವಿದ್ಯಾಲಯಗಳಿಂದ ಹೊರಬರುವ ತರುಣ ತರುಣಿಯರೊಡನೆ ಮಾತನಾಡುವ ಸಂದರ್ಭ ನನಗೆ ಆಗಾಗ ಒದಗುತ್ತದೆ. ಅವರೂ ಅವರ ತಂದೆತಾಯಿಯರೂ ಇಂದು ಮೊದಲು ಕೇಳುವ ಪ್ರಶ್ನೆ, ಕೃತಕ ಬುದ್ಧಿಮತ್ತೆಯು ನಮ್ಮ ಉದ್ಯೋಗವನ್ನು ಕಸಿದುಕೊಳ್ಳುವುದೆ ಎಂಬುದು. ಈ ಆತಂಕ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಅದಕ್ಕೂ ಮುನ್ನ ಕೇಳತಕ್ಕ, ಯಾರೂ ಕೇಳದಿರುವ ಪ್ರಶ್ನೆ ಇನ್ನೊಂದುಂಟು. ಯಂತ್ರವು ಬರೆದುಕೊಟ್ಟ, ಬರೆಯಿಸಿದವನು ಓದದ, ಓದಿದರೂ ಗ್ರಹಿಸದ ಕೋಡು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕಂದಾಯ ಕಚೇರಿಯಲ್ಲೋ ನೆಲೆಗೊಂಡು, ಒಂದು ದಿನ ತಪ್ಪು ಲೆಕ್ಕವನ್ನು ಕೊಟ್ಟಾಗ, ಅದಕ್ಕೆ ಉತ್ತರ ಹೇಳುವವರು ಯಾರು?

ಉತ್ತರ ಹೇಳುವವರಿಲ್ಲದ ತಂತ್ರಾಂಶ ಏನು ಮಾಡಬಲ್ಲುದೆಂಬುದನ್ನು ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣ ಲೋಕಕ್ಕೆ ತೋರಿಸಿದೆ. ಅಲ್ಲಿ 1999ರಿಂದ ಬಳಕೆಗೆ ಬಂದ ಹೊರೈಝನ್ ಎಂಬ ಲೆಕ್ಕಪತ್ರದ ತಂತ್ರಾಂಶವು ಸಣ್ಣ ಸಣ್ಣ ಊರುಗಳ ಅಂಚೆ ಪಾಲಕರ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಗಣಕದ ಲೆಕ್ಕ ಸರಿಯಾಗಿಯೇ ಇರುವುದೆಂದು ನ್ಯಾಯಾಲಯಗಳು ಭಾವಿಸಿದುವು. 900ಕ್ಕೂ ಹೆಚ್ಚು ಮಂದಿ ಕಳವು, ವಂಚನೆಗಳ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆ ಸೇರಿದರು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸುವ ಶಾಸನವನ್ನು ಅಲ್ಲಿಯ ಪಾರ್ಲಿಮೆಂಟು ಅಂಗೀಕರಿಸಿದುದು 2024ರಲ್ಲಿ. ಇದು ಕೃತಕ ಬುದ್ಧಿಮತ್ತೆಯ ಕಾಲಕ್ಕೆ ಹಿಂದಿನದು, ಮನುಷ್ಯರೇ ಬರೆದ ತಂತ್ರಾಂಶದ್ದು. ಮನುಷ್ಯರು ಬರೆದುದಕ್ಕೇ ಹೊಣೆ ಹೊರುವವರನ್ನು ಹುಡುಕಲು ಕಾಲು ಶತಮಾನ ಹಿಡಿದಿರುವಲ್ಲಿ, ಯಾರೂ ಬರೆಯದುದರ ಹೊಣೆಯನ್ನು ಹುಡುಕುವುದು ಇನ್ನೆಷ್ಟು ದುಸ್ಸಾಧ್ಯವಾದೀತು!

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವನ್ನು ಅರಸುತ್ತ ನಾವು ದೂರ ಹೋಗಬೇಕಾದುದಿಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿ, ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಮುದ್ರಣೋದ್ಯಮದಲ್ಲಿಯೂ ದುಡಿದು, ಅನಂತರ ಮಣಿಪಾಲದೊಡನೆ ನಂಟು ಬೆಳೆಸಿದ ಕೆ. ಪಿ. ರಾಯರು ಕನ್ನಡಕ್ಕೆ ಗಣಕದ ಕೀಲಿಮಣೆಯನ್ನು ರೂಪಿಸಿದ ಬಗೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಅಭ್ಯಾಸ ಮಾಡತಕ್ಕದ್ದು. ಬೆರಳಚ್ಚು ಯಂತ್ರದಲ್ಲಿ ಕನ್ನಡದ ಅಕ್ಷರಗಳು ತಲೆಕಟ್ಟು, ಇಳಿ, ಕೊಂಬು, ಒತ್ತುಗಳೆಂಬ ಆಕಾರದ ತುಂಡುಗಳಾಗಿದ್ದುವು. ರಾಯರು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದರು. ಮಗುವು ಕಾಗುಣಿತವನ್ನು ಕಲಿಯುವ ಕ್ರಮದಲ್ಲಿಯೇ ಮೊದಲು ವ್ಯಂಜನ, ಅದರ ಮೇಲೆ ಸ್ವರ, ಒತ್ತಕ್ಷರಕ್ಕೆ ನಡುವೆ ವಿರಾಮದ ಒಂದು ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್: ಇಷ್ಟರಿಂದ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಅಸಂಖ್ಯ ಸಂಯುಕ್ತಾಕ್ಷರಗಳು ಅಡಗಿದುವು. ಸಾಧನವು ಯಂತ್ರದ್ದಾದರೂ ಅದರ ಹಿಂದಿನ ತಿಳಿವಳಿಕೆ ವೈಯಾಕರಣನದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟುದು ಈ ದೃಷ್ಟಿಯಿಂದ ಅತ್ಯಂತ ಉಚಿತವಾದುದು. ಅದನ್ನು ಅವರು ಮಾರಾಟದ ಸರಕಾಗಿಸದೆ ಸರ್ವರಿಗೂ ಮುಕ್ತವಾಗಿ ಕೊಟ್ಟರು. ಇಂದು ಸರಕಾರಿ ಕಚೇರಿಗಳಲ್ಲಿ ನುಡಿ ತಂತ್ರಾಂಶದ ಮೂಲಕ ಕನ್ನಡ ಬರೆಯುವ ಗುಮಾಸ್ತನ ಬೆರಳು ಚಲಿಸುವುದು ಆ ವಿನ್ಯಾಸದ ಮೇಲೆಯೇ.

ಅಂತಹ ತಿಳಿವಳಿಕೆ ಇಲ್ಲದೆ ಹೋದರೆ ಆಗುವುದೇನೆಂಬುದಕ್ಕೆ ‘ಕಾರ್ಕಳ’ ಎಂಬ ಊರ ಹೆಸರೇ ಸಾಕು. ಓದುಗನ ಕಣ್ಣಿಗೆ ಇದು ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ. ಇಂದು ಸರ್ವತ್ರ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಶೇಖರಿಸಿದಾಗ 18 ಬೈಟು. ಹೆಸರಿನ ಸ್ಥಳಕ್ಕೆ ಇಂತಿಷ್ಟೇ ಉದ್ದವೆಂದು ಇಂಗ್ಲಿಷಿನ ಅಳತೆಯಲ್ಲಿ ನಿಗದಿ ಮಾಡಿ, ನಾಲ್ಕನೆಯ ಸಂಕೇತಕ್ಕೆ ಕತ್ತರಿಸುವ ಕೋಡು ‘ಕಾರ್’ ಎಂಬ ಅರ್ಧೋಕ್ತಿಯನ್ನು ಉಳಿಸಿ ಮಿಕ್ಕುದನ್ನು ಬಿಸಾಡುತ್ತದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅದು ಕ್ಷಣಾರ್ಧದಲ್ಲಿ ಸುಲಲಿತವಾದ ಕೋಡನ್ನು ಬರೆದುಕೊಡುತ್ತದೆ. ಆ ಕೋಡು ಅಕ್ಷರವನ್ನು ಎಣಿಸುತ್ತದೆಯೋ ಸಂಕೇತವನ್ನು ಎಣಿಸುತ್ತದೆಯೋ ಬೈಟನ್ನು ಎಣಿಸುತ್ತದೆಯೋ ಎಂದು ಕೇಳುವ ಬುದ್ಧಿ ಕೇಳುವವನಲ್ಲಿ ಮೊದಲೇ ಇರಬೇಕು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆತಿದೆ. ಈ ಲಿಪಿಗೆ ಬೇಕಾದ ಫಾಂಟು, ಕೀಲಿಮಣೆ, ಶೋಧನ ಸಾಧನಗಳನ್ನು ರಚಿಸುವವರು ಈ ಜಿಲ್ಲೆಯ ತರುಣರಲ್ಲದೆ ಇನ್ನಾರು? ಆ ಕೆಲಸಕ್ಕೆ ಬೇಕಾದುದು ಲಿಪಿಯ ಅರಿವು. ಅದನ್ನು ಯಂತ್ರದಿಂದ ಎರವಲು ಪಡೆಯುವಂತಿಲ್ಲ.

ಯಂತ್ರದ ನೆರವನ್ನು ನಾನು ನಿಷೇಧಿಸುತ್ತಿಲ್ಲ. ನಾನೂ ಅದನ್ನು ಬಳಸುತ್ತೇನೆ. ನನ್ನ ಆಕ್ಷೇಪವಿರುವುದು, ಓದದೆ ಒಪ್ಪಿಸುವ ಅಭ್ಯಾಸವನ್ನು ದಕ್ಷತೆಯೆಂದು ಕೊಂಡಾಡುವ ಇಂದಿನ ಸಂಸ್ಕೃತಿಯ ಮೇಲೆ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಅಭಿಯಂತರನು, ದೂರದ ಗಣಕವನ್ನು ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿ ಹೋಗಿ, ಎಕ್ಸ್‌ಝಡ್ ಎಂಬ ಸಾಧನದೊಳಗೆ ಯಾರೋ ಹುದುಗಿಸಿಟ್ಟಿದ್ದ ಗುಪ್ತದ್ವಾರವನ್ನು ಪತ್ತೆಹಚ್ಚಿದನು. ಲೋಕದ ಅಸಂಖ್ಯ ಸರ್ವರುಗಳನ್ನು ಉಳಿಸಿದುದು ಅವನ ವೇಗವಲ್ಲ. ಅರ್ಥವಾಗದುದನ್ನು ಅರ್ಥವಾಗದೆಯೇ ಬಿಡಲೊಪ್ಪದ ಅವನ ಮನೋಧರ್ಮ.

ಅಂತಹ ಮನೋಧರ್ಮಕ್ಕೆ ಬಿಡುವು ಬೇಕು, ನಿದ್ರೆ ಬೇಕು. ಆದುದರಿಂದಲೇ 2023ರಲ್ಲಿ ಎನ್. ಆರ್. ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗಲೂ, ಮರುವರ್ಷ ನಮ್ಮ ರಾಜ್ಯದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಬಂದು ನೌಕರರ ಸಂಘ ಅದನ್ನು ವಿರೋಧಿಸಿದಾಗಲೂ, ನಾನು ಸಂಘದ ಪಕ್ಷದಲ್ಲಿಯೇ ನಿಂತವನು. ರಾತ್ರಿ ಹತ್ತು ಗಂಟೆಗೆ ದಣಿದ ಕಣ್ಣು ನೋಡಿದ ಕೋಡನ್ನು ನಾನು ನೋಡಿದ ಕೋಡೆಂದು ಗಣಿಸುವುದಿಲ್ಲ. 

ಹೊಣೆಗಾರಿಕೆಯ ಮಾತನ್ನು ಈ ನೆಲದಲ್ಲಿ ನಿಂತು ಆಡುವಾಗ ಪಿಗ್ಮಿ ಠೇವಣಿಯನ್ನು ನೆನೆಯದಿರಲು ಸಾಧ್ಯವಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುವ ಏರ್ಪಾಟನ್ನು ಆರಂಭಿಸಿತು. ಅಕ್ಷರ ಬಾರದ ಹೆಂಗಸೂ ಅದನ್ನು ನಂಬಿದುದು ಬ್ಯಾಂಕಿನ ಶಾಸ್ತ್ರವನ್ನು ತಿಳಿದು ಅಲ್ಲ. ಲೆಕ್ಕ ತಪ್ಪಿದರೆ ಕೇಳಲು ಒಂದು ಮುಖ ಮರುದಿನವೂ ಅದೇ ಬಾಗಿಲಿಗೆ ಬರುತ್ತಿತ್ತೆಂಬುದರಿಂದ. ಈಗ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಹಣ ದೂರವಾಣಿಯ ಪರದೆಯಲ್ಲಿ ಹರಿಯುತ್ತಿದೆ. ಅದು ಅನುಕೂಲವೇ ಸರಿ. ಆದರೆ ಆ ಪರದೆಯ ಹಿಂದೆ ಕೋಡು ಬರೆಯುವ ನಮಗೆ, ಬಾಗಿಲಿಗೆ ಬರುತ್ತಿದ್ದ ಆ ಸಂಗ್ರಾಹಕನಿಗಿದ್ದುದಕ್ಕಿಂತ ಕಡಿಮೆ ಹೊಣೆ ಸಲ್ಲದು.

ಉದ್ಯಮಗಳು ಹೊಸಬರನ್ನು ನೇಮಿಸುವುದನ್ನು ನಿಲ್ಲಿಸಿ, ಹಳಬರೂ ಯಂತ್ರವೂ ಸೇರಿ ನಡೆಸಿಕೊಂಡು ಹೋಗುವರೆಂದು ಎಣಿಸುವುದು ದೊಡ್ಡ ಪ್ರಮಾದ. ಇಂದು ಕಲಿಯಗೊಡದ ಹೊಸಬನೇ ಹತ್ತು ವರ್ಷದ ಬಳಿಕ ಇಲ್ಲದಾಗುವ ಹಳಬ. ಕಾಲೇಜುಗಳ ಪಾಲೂ ಇದರಲ್ಲಿ ಸಣ್ಣದಲ್ಲ. ಮಣಿಪಾಲ, ನಿಟ್ಟೆ, ಬಂಟಕಲ್ಲುಗಳ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟು: ಅಂತಿಮ ವರ್ಷದ ಪ್ರಾಜೆಕ್ಟನ್ನು ವಿದ್ಯಾರ್ಥಿಗಳು ಯಾವ ಸಾಧನದ ನೆರವಿನಿಂದಲಾದರೂ ರಚಿಸಲಿ, ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಅದರ ಒಂದು ಪುಟವನ್ನು ಮುದ್ರಿಸಿ ಅವರ ಮುಂದಿರಿಸಿ, ಪ್ರತಿಯೊಂದು ಸಾಲೂ ಅಲ್ಲಿ ಏಕೆ ಇದೆ, ತೆಗೆದರೆ ಏನಾಗುವುದು ಎಂದು ಕೇಳಿ. ಹೇಳಲಾರದವರಿಗೆ ಇನ್ನೊಂದು ತಿಂಗಳ ಅವಧಿಯನ್ನು ಕೊಡಿ. ಹೇಳುವ ತನಕ ಅಂಕವನ್ನು ಕೊಡಬೇಡಿ.