ಹೆಸರು ಹೇಳಿ ಉಣ್ಣವಾ

ನಮ್ಮ ಟೀಮಿನಲ್ಲಿ ಅಮೆರಿಕದ ಒಬ್ಬ ಸಹೋದ್ಯೋಗಿ ಇದ್ದಾನೆ. ವಾರವಿಡೀ ಡೇಟಾಬೇಸ್ ನೋಡಿಕೊಳ್ಳೋ ಮನುಷ್ಯ, ಶನಿವಾರ ಬಂತಂದ್ರೆ ಮಧ್ಯಯುಗದ ಸರದಾರ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಅನ್ನೋ ಸಂಘದ ಸದಸ್ಯ ಆತ. ಹಳೇ ಯುರೋಪಿನ ವೇಷ ತೊಟ್ಟು, ಕತ್ತಿವರಸೆ ಆಡಿ, ಕೊನೆಗೆ ಎಲ್ಲರೂ ಸೇರಿ ಔತಣ. ಅಲ್ಲಿ ಲೋಟ ಎತ್ತಿ ‘ಟೋಸ್ಟ್’ ಹೇಳೋದಕ್ಕೂ ಕ್ರಮ ಇದೆಯಂತೆ. ಮೊದಲು ರಾಜ-ರಾಣಿಗೆ, ಆಮೇಲೆ ಉಳಿದವರಿಗೆ. ಯಾರ ಹೆಸರಲ್ಲಿ ಎತ್ತುತ್ತಾರೋ ಅವರು ಮಾತ್ರ ಆಗ ಕುಡಿಯಬಾರದು. ನಿಮ್ಮಲ್ಲೂ ಇಂಥದ್ದೇನಾದರೂ ಇದೆಯಾ ಅಂತ ಕೇಳಿದ. ಇಲ್ಲ ಅಂದುಬಿಟ್ಟೆ.

ಕಾಲ್ ಮುಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಧ್ಯಯುಗ ನಮಗೇನು ದೂರದ್ದೇ? ಹಾವೇರಿಯ ಸಿದ್ಧೇಶ್ವರ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಅದೇ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ದೊರೆಯ ಊಟಕ್ಕೆ ‘ಅನ್ನಭೋಗ’, ಕುಡಿಯೋದಕ್ಕೆ ‘ಪಾನೀಯಭೋಗ’ ಅಂತ ಬೇರೆ ಬೇರೆ ಅಧ್ಯಾಯಗಳೇ ಇವೆ. ಬ್ಯಾಡಗಿ ಪಕ್ಕದ ಕಾಗಿನೆಲೆಯ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಯಾವ ಧಾನ್ಯ ಹೆಚ್ಚು ಅಂತ ಭತ್ತಕ್ಕೂ ರಾಗಿಗೂ ಜಗಳ ಹತ್ತಿ, ಎರಡೂ ಆರು ತಿಂಗಳು ಸೆರೆಮನೆಯಲ್ಲಿ ಕೂರಬೇಕಾಯ್ತು. ಊಟದ ಮನೆಯ ಮಾನಾಪಮಾನ ನಮಗೆ ಯಾರೂ ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ನಮ್ಮ ರಾಣೆಬೆನ್ನೂರು ಕಡೆ ಪಂಕ್ತಿಗೆ ಕೂತರೆ ಎಲೆಗೆ ಬಡಿಸಿದ ತಕ್ಷಣ ಕೈ ಹಾಕೋ ಹಾಗಿಲ್ಲ. ಒಬ್ಬ ಹಿರಿಯರು ಗಟ್ಟಿಯಾಗಿ ‘ಪಾರ್ವತೀ ಪತಿ’ ಅನ್ನಬೇಕು, ಉಳಿದವರೆಲ್ಲ ‘ಹರ ಹರ ಮಹಾದೇವ’ ಅನ್ನಬೇಕು. ಆಮೇಲೆ ಹೋಳಿಗೆ. ಇದು ಎಲ್ಲರ ಬಾಯಲ್ಲೂ ಬರುವಂಥದ್ದು. ಕಷ್ಟದ್ದು ಮದುವೆಯ ಭೂಮದ ಊಟದಲ್ಲಿ ಹೇಳೋ ಒಡಪು. ಗಂಡು-ಹೆಣ್ಣು, ಎರಡೂ ಕಡೆಯ ಹತ್ತಿರದವರು ಸುತ್ತ ಕೂತಿರ್ತಾರೆ, ಎಡೆ ಮುಂದಿರತ್ತೆ, ಆದರೆ ಪ್ರಾಸ ಕೂಡಿಸಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳೋ ತನಕ ತುತ್ತು ಬಾಯಿಗೆ ಹೋಗಲ್ಲ. ಹೇಳಲ್ಲ ಅನ್ನೋ ಹಾಗಿಲ್ಲ. ಬೇಗ ಹೇಳಿಬಿಟ್ಟರೂ ನಗ್ತಾರೆ: ‘ಏನವಾ, ಭಾಳ ಹಸದೀಯೇನು?’ ಎರಡು ಸಲ ಒಲ್ಲೆ ಅಂದು, ಮೂರನೇ ಸಲಕ್ಕೆ ತಲೆ ಬಗ್ಗಿಸಿ ಹೇಳೋದು ಪದ್ಧತಿ. ಗಂಡನೂ ಹೇಳಬೇಕು, ಆದರೆ ಅವನು ತಪ್ಪಿಸಿಕೊಂಡರೆ ಯಾರೂ ಅಷ್ಟು ಕಾಡಲ್ಲ. (ನನ್ನ ಗಂಡನನ್ನ ನಾನು ದಿನಕ್ಕೆ ಹತ್ತು ಸಲ ಹೆಸರು ಹಿಡಿದೇ ಕರೀತೀನಿ. ಆದರೂ ನನ್ನ ಭೂಮದ ದಿನ ಬಾಯಿ ಒಣಗಿತ್ತು.)

ನನಗೆ ಅವತ್ತು ಒಡಪು ಕಲಿಸಿದ್ದು ದೊಡ್ಡವ್ವ. ಅವಳ ಹತ್ತಿರ ಅವು ಎಷ್ಟಿವೆಯೋ ಲೆಕ್ಕ ಇಲ್ಲ. ನಿಂತ ನಿಂತಲ್ಲೇ ಕಟ್ಟಿಕೊಡ್ತಾಳೆ. ಬ್ಯಾಡಗಿಯಲ್ಲಿ ನನ್ನ ತಮ್ಮನ ಮದುವೆಯಾದಾಗ ಹೊಸ ಹುಡುಗಿಗೂ ಹಿಂದಿನ ರಾತ್ರಿ ಅವಳೇ ಕಲಿಸಿದಳು:

‘ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜೋರು, ಖಾರ ಕಮ್ಮಿ,
ನಮ್ಮ ರಾಯರ ಸಿಟ್ಟೂ ಹಂಗ, ಸದ್ದು ಜೋರು, ಜೋರ ಕಮ್ಮಿ.’

ಹೆಸರು ಎಲ್ಲಿ ಬರತ್ತೆ ಅಂತ ಬರೆಯಲ್ಲ, ಅದು ಆ ಹುಡುಗಿಯ ಸ್ವತ್ತು. ಮರುದಿನ ಅವಳು ಹೇಳಿದಾಗ ಬೀಗರ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಸುತ್ತ ಕೂತವರ ಸರದಿ. ಅವ್ವ ಹೇಳಿದಳು, ನಾನು ಹೇಳಿದೆ, ಚಿಕ್ಕವ್ವ ಹಳೇದನ್ನೇ ಮತ್ತೆ ಹೇಳಿ ಬೈಸಿಕೊಂಡಳು. ದೊಡ್ಡವ್ವ ಕೂತಿರಲಿಲ್ಲ. ತುಪ್ಪದ ಗಿಂಡಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಹೊಸ ಹುಡುಗಿಗೆ ಏನು ಗೊತ್ತು, ‘ದೊಡ್ಡವ್ವಾರ, ನೀವೂ ಒಂದು ಹೇಳ್ರಿ’ ಅಂದಳು.

ಎಲ್ಲರೂ ಸುಮ್ಮನಾದರು. ‘ಅಕಿಗ್ಯಾಕವಾ ಈಗ’ ಅಂತ ಯಾರೋ ಹಿರಿಯರು ಅಂದರು. ಗಂಡ ತೀರಿದವಳಿಗೆ ಒಡಪಿನ ಸರದಿ ಇಲ್ಲ ಅಂತ ಬಿಡಿಸಿ ಹೇಳೋದು ಯಾರಿಗೂ ಬೇಕಾಗಿರಲಿಲ್ಲ. ದೊಡ್ಡವ್ವ ನಕ್ಕು, ‘ತುಪ್ಪ ಆರತೈತಿ, ಉಣ್ರಿ’ ಅಂದು ಬಡಿಸ್ತಾ ಬಂದಳು. ನನ್ನ ಎಲೆಗೂ ಬಡಿಸಿದಳು. ಆಫೀಸಿನ ಮೀಟಿಂಗಿನಲ್ಲಿ ಎಲ್ಲದಕ್ಕೂ ಬಾಯಿ ಹಾಕೋ ನಾನು ಅವತ್ತು ತಲೆ ಬಗ್ಗಿಸಿ ಹೋಳಿಗೆ ಮುರಿದೆ.

ರಾತ್ರಿ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ನಾವಿಬ್ಬರೇ ಇದ್ದೆವು. ‘ದೊಡ್ಡವ್ವಾ, ನಂಗ ಹೇಳ ಒಂದು’ ಅಂದೆ. ‘ಹುಚ್ಚಿ ಇದ್ದೀ’ ಅಂದಳು. ನಾನು ಮತ್ತೆ ಕೇಳಿದೆ. ಮೂರನೇ ಸಲ ಕೇಳಿದಾಗ ನಲ್ಲಿ ಬಂದ್ ಮಾಡಿ, ಸೆರಗಿಗೆ ಕೈ ಒರೆಸಿಕೊಂಡಳು.

‘ಹಾವೇರಿ ಏಲಕ್ಕಿ ಮಾಲಿ ಹಳೇದಾದ್ರೂ ವಾಸನಿ ಬಿಟ್ಟಿಲ್ಲ,
ಅವರು ಹೋಗಿ ಹನ್ನೊಂದು ವರ್ಷ, ಹೆಸರು ನಾಲಿಗಿ ಬಿಟ್ಟಿಲ್ಲ.’

ಆಮೇಲೆ ದೊಡ್ಡಪ್ಪನ ಹೆಸರನ್ನ ಪೂರ್ತಿ, ಅವರ ಅಪ್ಪನ ಹೆಸರು, ಮನೆತನದ ಹೆಸರು ಕೂಡಿಸಿ ಹೇಳಿದಳು. ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿ ಎಷ್ಟೋ ವರ್ಷ ಆಗಿತ್ತು. ಒಂದು ಗಳಿಗೆ ಸುಮ್ಮನೆ ನಿಂತು, ಮತ್ತೆ ನಲ್ಲಿ ಬಿಟ್ಟಳು. ‘ಆ ಬೋಗಾಣಿ ಇತ್ಲಾಗ ತಾ’ ಅಂದಳು, ‘ಹೊತ್ತಾತು.’