ಗೂಡು ಕಟ್ಟುವ ಕೂದಲು

ಸವಳಂಗದಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಪಿಯುಸಿ ಹುಡುಗನೊಬ್ಬ, ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಊಟಕ್ಕೆ ಕೂತರೂ ಒಂದು ಪಕ್ಕಕ್ಕೆ ವಾಲುತ್ತಾನೆ. ಕೇಳಿದರೆ ‘ಏನಿಲ್ಲಮ್ಮ’ ಎನ್ನುತ್ತಾನೆ. ಬೆನ್ನೆಲುಬು ಮುಗಿಯುವ ಜಾಗದಲ್ಲಿ, ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ ಕುರುವೆದ್ದಿದೆ, ಹೇಳಿಕೊಳ್ಳಲು ನಾಚಿಕೆ. ಹೇಳಿದರೂ ‘ಉಷ್ಣದ ಗುಳ್ಳೆ, ಎಳನೀರು ಕುಡಿ’ ಎನ್ನುವವರೇ ಹೆಚ್ಚು.

ವೈದ್ಯರು ಇದನ್ನು ಪೈಲೊನೈಡಲ್ ಸೈನಸ್ ಎನ್ನುತ್ತಾರೆ. ಪೈಲ್ಸ್ ಅಂದರೆ ಮೂಲವ್ಯಾಧಿಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಪೈಲಸ್’ ಎಂದರೆ ಕೂದಲು, ‘ನೈಡಸ್’ ಎಂದರೆ ಗೂಡು. 1880ರಲ್ಲಿ ಅಮೆರಿಕದ ವೈದ್ಯ ಹಾಜಸ್ ಇಟ್ಟ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಜೀಪಿನಲ್ಲಿ ಕುಲುಕಾಡಿದ ಸಾವಿರಾರು ಸೈನಿಕರಿಗೆ ಬಂದದ್ದರಿಂದ ‘ಜೀಪ್ ಕಾಯಿಲೆ’ ಎಂಬ ಅಡ್ಡಹೆಸರೂ ಅಂಟಿತು.

ಇದು ಹುಟ್ಟಿನಿಂದಲೇ ಬರುವ ದೋಷ ಎಂದು ಹಿಂದೆ ನಂಬಿದ್ದರು. ಆದರೆ ಕ್ಷೌರಿಕರ ಬೆರಳ ಸಂದಿಯಲ್ಲೂ ಇಂಥದೇ ಹುಣ್ಣು ಕಂಡಿತು, ಒಳಗಿದ್ದದ್ದು ಗಿರಾಕಿಗಳ ಕೂದಲು! ಉದುರಿದ ಕೂದಲು ಸೀಳಿನಲ್ಲಿ ಸಿಕ್ಕಿ, ಕೂತಾಗಿನ ತಿಕ್ಕಾಟಕ್ಕೆ ಸೂಜಿಯಂತೆ ಚರ್ಮದೊಳಗೆ ಇಳಿಯುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ತಿಳಿದು ಹೋರಾಡುತ್ತದೆ, ಕೀವು ಕಟ್ಟುತ್ತದೆ. ಮೈಮೇಲೆ ಕೂದಲು ದಟ್ಟವಾಗುವ ಹದಿಹರೆಯದಲ್ಲೇ ಇದು ಹೆಚ್ಚಾಗಿ ಶುರುವಾಗುವುದು. ಹೆಣ್ಣುಮಕ್ಕಳಿಗೂ ಬರುತ್ತದೆ.

ಕೀವು ತುಂಬಿದ್ದರೆ ಕೊಯ್ದು ಹೊರತೆಗೆಯಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಬೇಸರದ ಸಂಗತಿಯೆಂದರೆ ಇದು ಮತ್ತೆ ಮತ್ತೆ ಬರುತ್ತದೆ. ಲೇಸರ್ ನೆರವಾಗುವುದು ಇಲ್ಲಿ. ಕೂದಲಿನ ಕಪ್ಪು ವರ್ಣಕವಾದ ಮೆಲನಿನ್ ಲೇಸರ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಕೂದಲಿನ ಬುಡ ಸುಡುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಇದು ಚೆನ್ನಾಗಿ ತಾಗುವುದರಿಂದ ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕು.

ಅಮೆರಿಕದ ಕೊಲಂಬಸ್ ನಗರದ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು 11ರಿಂದ 21 ವರ್ಷದ 302 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಶುಚಿತ್ವ ಕಾಯ್ದುಕೊಂಡು, ಬೋಳಿಸಿಯೋ ಕ್ರೀಮು ಹಚ್ಚಿಯೋ ಕೂದಲು ತೆಗೆದವರಲ್ಲಿ ವರ್ಷದೊಳಗೆ ಸುಮಾರು ಶೇ. 34 ಮಂದಿಗೆ ರೋಗ ಮರುಕಳಿಸಿತು. ಇವುಗಳ ಜೊತೆಗೆ ಲೇಸರನ್ನೂ ಪಡೆದವರಲ್ಲಿ ಅದು ಸುಮಾರು ಶೇ. 10.

ನಮ್ಮವರ ಚರ್ಮದಲ್ಲೂ ಮೆಲನಿನ್ ಸಾಕಷ್ಟಿದೆ. ತಪ್ಪು ಲೇಸರ್ ಬಳಸಿದರೆ ಚರ್ಮವೇ ಸುಟ್ಟೀತು. 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸುವ ಕೆಲಸವಲ್ಲ ಇದು, ಚರ್ಮವೈದ್ಯರೇ ಬೇಕು. ಜಾಹೀರಾತುಗಳ ‘ಲೇಸರ್ ಆಪರೇಷನ್’ ಬೇರೆಯದೇ ಚಿಕಿತ್ಸೆ. ಅದರಲ್ಲಿ ತೆಳು ಎಳೆಯೊಂದನ್ನು ಹುಣ್ಣಿನ ಸುರಂಗದೊಳಗೆ ತೂರಿಸಿ ಒಳಗಿನಿಂದ ಸುಡುತ್ತಾರೆ. ಯಾವುದನ್ನು ಹೇಳುತ್ತಿದ್ದಾರೆಂದು ಹಣ ಕಟ್ಟುವ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ನೋವು, ಊತ, ಜ್ವರವಿದ್ದರೆ ಲೇಸರ್ ಹುಡುಕುತ್ತಾ ದಿನ ಕಳೆಯಬಾರದು. ಸವಳಂಗದ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗ ಒಂದು ಬಸ್ಸಿನ ದೂರದಲ್ಲಿದೆ.