ತೂಕ ಕಡಿಮೆ ಕೊಟ್ಟು ನಕ್ಕರೆ?

‘ರೆಕ್-ಇಟ್ ರಾಲ್ಫ್’ನ ಮುಂದುವರಿದ ಭಾಗ ‘ರಾಲ್ಫ್ ಬ್ರೇಕ್ಸ್ ದ ಇಂಟರ್ನೆಟ್’ (2018). ಅದರ ಕೊನೆಯ ಎರಡು ತಮಾಷೆಗಳನ್ನು ಅಭಿಮಾನಿಗಳು ಒಂದೇ ಉಸಿರಿನಲ್ಲಿ ಹೊಗಳುತ್ತಾರೆ. ನನ್ನ ತಕರಾರು ಅಲ್ಲೇ. ಮೊದಲನೆಯದರಲ್ಲಿ ಕಾರಿನಲ್ಲಿ ಕೂತ ಪುಟ್ಟ ಹುಡುಗಿ, ಟ್ರೇಲರಿನಲ್ಲಿದ್ದ ಒಂದು ದೃಶ್ಯ ಸಿನಿಮಾದಲ್ಲಿ ಬರಲೇ ಇಲ್ಲ ಎನ್ನುತ್ತಾಳೆ. ಹಿಂದೆಯೇ ಮೊಲಕ್ಕೆ ಪ್ಯಾನ್‌ಕೇಕ್ ತಿನ್ನಿಸುವ ಆ ದೃಶ್ಯ ಬರುತ್ತದೆ. ಸರಿ, ನಮ್ಮ ದೂರನ್ನು ಅವರೇ ಹೇಳಿ ಬಾಕಿ ಚುಕ್ತಾ ಮಾಡಿದರು. ಎರಡನೆಯದು ಬೇರೆ. ‘ಫ್ರೋಝನ್ 2’ರ ತುಣುಕು ಎಂದು ಕೂರಿಸಿ, ರಾಲ್ಫ್ ಬಂದು ರಿಕ್ ಆಸ್ಟ್ಲಿಯ 1987ರ ಹಾಡು ಹಾಡುತ್ತಾನೆ. ಇಂಟರ್ನೆಟ್ಟಿನ ಆ ಹಳೆಯ ಕೀಟಲೆ ಗೊತ್ತಿದ್ದ ದೊಡ್ಡವರಿಗೆ ನಗು. ಎಲ್ಸಾಳಿಗಾಗಿ ಕಾದ ಮಗುವಿಗೆ?

“ಮೋಸವನ್ನು ಅವರೇ ಒಪ್ಪಿಕೊಂಡರಲ್ಲ” ಅನ್ನುತ್ತಾರೆ. ನಾನು ಅಂಗಡಿಯವರ ಮಗ. ಇಟಿಕ್ಯಾಲದಲ್ಲಾಗಲಿ ಮಂಗಳೂರಿನ ಬಂದರಿನಲ್ಲಾಗಲಿ, ತೂಕ ಕಡಿಮೆ ಕೊಟ್ಟು ಕಣ್ಣು ಹೊಡೆದರೆ ಗಿರಾಕಿ ಬಿಡುತ್ತಾನೆಯೇ?

ಕಥೆ ಬಿಟ್ಟು ನೋಡುವವರ ಜೊತೆ ಮಾತಾಡುವುದೇ ತಪ್ಪು ಎನ್ನುತ್ತಿಲ್ಲ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಹಾಸ್ಯಗಾರ ಪ್ರಸಂಗದ ನಡುವೆಯೇ ಭಾಗವತರನ್ನು ಮಾತಿಗೆಳೆಯುತ್ತಾನೆ, ಊರಿನ ಸುದ್ದಿ ಎತ್ತುತ್ತಾನೆ. ಮಾತು ಸಪ್ಪೆಯಾದರೆ ಸಭೆ ನಗುವುದಿಲ್ಲ, ಅವನಿಗದು ಅಲ್ಲೇ ಗೊತ್ತಾಗುತ್ತದೆ. ಸಿನಿಮಾಕ್ಕೆ ನಮ್ಮ ಮುಖ ಕಾಣುವುದಿಲ್ಲ. ಮಕ್ಕಳು ಮುಖ ಸಣ್ಣ ಮಾಡಿಕೊಂಡು ಎದ್ದು ಹೋದದ್ದು ಅದಕ್ಕೆ ಯಾವತ್ತೂ ಗೊತ್ತಾಗದು.